ಒಳಗೆರೆಯ ಅನುಮತಿ

ಸ್ವದೇಶದಲ್ಲಿ ಸಂಚರಿಸುವುದಕ್ಕೂ ಅನುಮತಿ ಬೇಕೆ? ಅಸ್ಸಾಮಿನ ತೇಜಪುರದಿಂದ ಮೋಟಾರು ಸೈಕಲ್ಲಿನಲ್ಲಿ ತವಾಂಗಿಗೆ ಹೊರಟ ಪ್ರವಾಸಿಯ ಮನಸ್ಸಿನಲ್ಲಿ ಭಾಲುಕ್‌ಪಾಂಗ್ ತಪಾಸಣಾ ಠಾಣೆಯ ಮುಂದೆ ಈ ಪ್ರಶ್ನೆ ಏಳುವುದು ಸಹಜ. ಅರುಣಾಚಲ ಪ್ರದೇಶವನ್ನು ಪ್ರವೇಶಿಸಲು ಇತರ ರಾಜ್ಯಗಳ ಭಾರತೀಯರು ‘ಇನ್ನರ್ ಲೈನ್’, ಅಂದರೆ ಒಳಗೆರೆಯ ಪರವಾನಗಿಯನ್ನು ಪಡೆದಿರಬೇಕು.

ಈ ಕಟ್ಟಳೆಯ ಮೂಲ 1873ರ ಒಂದು ಶಾಸನ. ಬ್ರಿಟಿಷರು ತಮ್ಮ ವಾಣಿಜ್ಯದ ಹಿತಕ್ಕಾಗಿ ಗುಡ್ಡಗಾಡಿನ ಅಂಚಿನಲ್ಲಿ ಈ ಗೆರೆಯನ್ನೆಳೆದರು. ಸ್ವಾತಂತ್ರ್ಯಾನಂತರ ಗೆರೆ ಉಳಿಯಿತು, ಉದ್ದೇಶ ಬದಲಾಯಿತು. ಮೊನ್ಪಾ ಮೊದಲಾದ ಮೂಲನಿವಾಸಿಗಳ ಭೂಮಿಯನ್ನೂ ಸಂಸ್ಕೃತಿಯನ್ನೂ ರಕ್ಷಿಸುವುದೇ ಈಗ ಅದರ ಗುರಿ.

ಗುರುತಿನ ಚೀಟಿ ಮತ್ತು ಭಾವಚಿತ್ರಗಳೊಡನೆ ಅರ್ಜಿ ಸಲ್ಲಿಸಿದರೆ ಪರವಾನಗಿ ದೊರೆಯುತ್ತದೆ. ಆದರೆ 4,000 ಮೀಟರಿಗೂ ಎತ್ತರದ ಸೇಲಾ ಕಣಿವೆಯನ್ನು ದಾಟಿ ತವಾಂಗನ್ನು ಸೇರಿದವನು, ಅಲ್ಲಿಂದ ಚೀನದ ಗಡಿಯಲ್ಲಿರುವ ಬೂಮ್ ಲಾ ಕಣಿವೆಗೆ ಹೋಗಬೇಕಾದರೆ ಪ್ರತ್ಯೇಕ ಅನುಮತಿಯನ್ನು ಪಡೆಯಬೇಕು. 1962ರ ಅಕ್ಟೋಬರಿನಲ್ಲಿ ಚೀನೀ ಸೈನ್ಯವನ್ನು ಎದುರಿಸಿ ಪರಮವೀರ ಚಕ್ರಕ್ಕೆ ಪಾತ್ರರಾದ ಸುಬೇದಾರ್ ಜೋಗಿಂದರ್ ಸಿಂಗ್ ಹೋರಾಡಿದ್ದು ಈ ಕಣಿವೆಯ ಸಮೀಪದಲ್ಲಿಯೇ. ಅಲ್ಲಿ ಎಚ್ಚರಿಕೆ ಅನಿವಾರ್ಯ.

ನೆಂಟನಾದರೂ ಹೊಸ್ತಿಲಾಚೆ ನಿಂತು, ‘ಒಳಗೆ ಯಾರಿದ್ದೀರಿ?’ ಎಂದು ಕೇಳಿಯೇ ಮನೆಯನ್ನು ಪ್ರವೇಶಿಸುತ್ತಾನೆ. ಅದರಿಂದ ಅವನ ಗೌರವವೇನೂ ಕುಂದುವುದಿಲ್ಲ; ಮನೆಯವರ ಗೌರವ ಉಳಿಯುತ್ತದೆ.