ಬೀಜದೊಡನೆ ಬರುವ ಬಳ್ಳಿ: ಕಸ್ಕ್ಯೂಟ

ಹೂ ಬಿಡುವ ಕಾಲಕ್ಕೆ ಹುಚ್ಚೆಳ್ಳಿನ ಹೊಲ ದೂರಕ್ಕೆ ಹಳದಿಯಾಗಿ ಕಾಣುವುದು ಸಹಜ. ಆದರೆ ಹೂವಿಗೆ ಮೊದಲೇ, ಪೈರು ಇನ್ನೂ ಮೊಳಕಾಲೆತ್ತರ ಇರುವಾಗಲೇ, ಅಲ್ಲೊಂದು ಇಲ್ಲೊಂದು ಹಳದಿ ಮಚ್ಚೆ ಕಂಡುಬಂದರೆ ಹತ್ತಿರ ಹೋಗಿ ನೋಡಬೇಕು. ಶಾವಿಗೆಯಂತಹ ಎಳೆಗಳು ಗಿಡದಿಂದ ಗಿಡಕ್ಕೆ ಹೆಣೆದುಕೊಂಡಿದ್ದರೆ ಅದು ಕಸ್ಕ್ಯೂಟ. ಹಲವೆಡೆ ಇದನ್ನು ಆಕಾಶಬಳ್ಳಿ ಎಂದೂ ಕರೆಯುತ್ತಾರೆ. ಹುಚ್ಚೆಳ್ಳಲ್ಲದೆ ಕುದುರೆಮಸಾಲೆ ಸೊಪ್ಪು, ಈರುಳ್ಳಿ, ಮೆಣಸಿನಕಾಯಿ, ಉದ್ದು, ಹೆಸರು ಮುಂತಾದ ಬೆಳೆಗಳ ಮೇಲೂ ಇದು ಬೆಳೆಯುತ್ತದೆ.

ಸಿಹಿಗೆಣಸು ಸೇರಿರುವ ಕುಟುಂಬಕ್ಕೇ ಈ ಬಳ್ಳಿಯೂ ಸೇರಿದೆ. ಗೆಣಸು ತನ್ನ ಅಗಲವಾದ ಎಲೆಗಳಲ್ಲಿ ಆಹಾರ ತಯಾರಿಸಿ ಗೆಡ್ಡೆಯಲ್ಲಿ ಕೂಡಿಡುತ್ತದೆ. ಕಸ್ಕ್ಯೂಟಕ್ಕೆ ಎಲೆಯೂ ಇಲ್ಲ, ನೆಲೆಯಾದ ಬೇರೂ ಇಲ್ಲ. ಅದು ಪೂರ್ತಿ ಪರಾವಲಂಬಿ. ಬೇಲಿಯ ಗಿಡಗಳ ಮೇಲೆ ದಪ್ಪ ಎಳೆಗಳಾಗಿ ಹಬ್ಬುವ ಬಳ್ಳಿ ಇದರ ಇನ್ನೊಂದು ಜಾತಿ. ಹೊಲಕ್ಕೆ ಹೆಚ್ಚಾಗಿ ಬೀಳುವುದು ಕಸ್ಕ್ಯೂಟ ಕಂಪೆಸ್ಟ್ರಿಸ್ ಎಂಬ ತೆಳು ಎಳೆಯ ಜಾತಿ. ಇದರ ಮೂಲ ಉತ್ತರ ಅಮೆರಿಕ. ಮಾವು, ಸಪೋಟ ಮರಗಳ ಬದನಿಕೆಗೂ ಇದಕ್ಕೂ ಸಂಬಂಧವಿಲ್ಲ.

ಇದರ ಬೀಜ ಮೊಳೆಯಲು ಪಕ್ಕದಲ್ಲಿ ಬೆಳೆ ಇರಲೇಬೇಕೆಂದಿಲ್ಲ. ಜೋಳವನ್ನು ಕಾಡುವ ಸ್ಟ್ರೈಗ ಕಳೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ತೇವ ಸಿಕ್ಕಿದರೆ ಸಾಕು, ನೂಲಿನಂತಹ ಮೊಳಕೆ ಮೇಲೆದ್ದು ಗಾಳಿಯಲ್ಲಿ ಸುತ್ತುತ್ತಾ ಆಸರೆ ಹುಡುಕುತ್ತದೆ. ಈ ಹುಡುಕಾಟ ಬರೀ ಕುರುಡಲ್ಲ. ಸಸಿಯು ಟೊಮೆಟೊ ಗಿಡದಿಂದ ಹೊರಡುವ ವಾಸನೆಯ ಕಡೆಗೆ ಬಾಗುತ್ತದೆ, ಗೋಧಿಯ ಕಡೆಗೆ ಅಷ್ಟಾಗಿ ಒಲಿಯುವುದಿಲ್ಲ ಎಂಬುದನ್ನು 2006ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ತೋರಿಸಿಕೊಟ್ಟರು. ತಕ್ಕ ಗಿಡ ಸಿಕ್ಕಿದೊಡನೆ ಕಾಂಡಕ್ಕೆ ಸುತ್ತಿಕೊಂಡು, ಹೀರುಬೇರುಗಳನ್ನು ಒಳಕ್ಕೆ ಇಳಿಸಿ ನೀರು, ಆಹಾರ ಎರಡನ್ನೂ ಎಳೆದುಕೊಳ್ಳುತ್ತದೆ. ಆಮೇಲೆ ನೆಲದ ಕಡೆಯ ತುದಿ ಒಣಗಿ ಹೋಗುತ್ತದೆ. ಆದ್ದರಿಂದ ಬುಡ ಕೀಳುತ್ತೇನೆಂದರೆ ಕೀಳಲು ಬುಡವೇ ಇರುವುದಿಲ್ಲ. ಗಿಡ ಸಿಗದಿದ್ದರೆ ಸಸಿ ಒಂದೆರಡು ವಾರದೊಳಗೆ ಸಾಯುತ್ತದೆ. ಈ ಕಳೆ ನಿಜವಾಗಿ ದುರ್ಬಲವಾಗಿರುವುದು ಈ ಕೆಲವು ದಿನಗಳಲ್ಲಿ ಮಾತ್ರ.

ಹಾಗಾದರೆ ಅದು ಹೊಲಕ್ಕೆ ಬರುವುದು ಹೇಗೆ? ಹೆಚ್ಚಿನ ವೇಳೆ ರೈತರೇ ಬಿತ್ತಿರುತ್ತಾರೆ. ಒಂದು ಬಳ್ಳಿ ಸಾವಿರಾರು ಬೀಜ ಕಟ್ಟುತ್ತದೆ. ಕಣದಲ್ಲಿ ಅವು ಬೆಳೆಯ ಬೀಜದೊಡನೆ ಬೆರೆತು ಮುಂದಿನ ವರ್ಷದ ಬಿತ್ತನೆಗೆ ಹೋಗುತ್ತವೆ. ಗಟ್ಟಿ ಸಿಪ್ಪೆಯ ದೆಸೆಯಿಂದ ಎಲ್ಲವೂ ಒಂದೇ ವರ್ಷ ಮೊಳೆಯುವುದಿಲ್ಲ. ಹತ್ತು ವರ್ಷ ಮಣ್ಣಿನಲ್ಲಿ ಮಲಗಿದ್ದು ಏಳುವುದೂ ಉಂಟು. ನೆರೆಯವರಿಂದ ಅಥವಾ ಸಂತೆಯಿಂದ ಅಗ್ಗಕ್ಕೆ ತಂದ ಒಂದು ಸೇರು ಬೀಜ ಹೊಲಕ್ಕೆ ಹತ್ತು ವರ್ಷದ ಕಾಟ ತಂದೀತು.

ಹುಚ್ಚೆಳ್ಳಿನ ಬೀಜ ಉದ್ದ, ಕಸ್ಕ್ಯೂಟದ್ದು ಅದಕ್ಕಿಂತ ಬಹಳ ಸಣ್ಣದು, ದುಂಡಗೆ. ಒಂದು ಹಿಡಿ ಬೀಜವನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಮೂರು ಬಾರಿ ಆಡಿಸಿ, ಕೆಳಗೆ ಬಿದ್ದುದನ್ನು ಸುಟ್ಟುಬಿಡಬೇಕು, ತಿಪ್ಪೆಗೆ ಎಸೆಯಬಾರದು. ಕುದುರೆಮಸಾಲೆಯಲ್ಲಿ ಈ ಉಪಾಯ ಅಷ್ಟು ಸುಲಭವಲ್ಲ, ಏಕೆಂದರೆ ಅದರ ಬೀಜವೂ ಸಣ್ಣದು. ಬೀಜ ಸಂಸ್ಕರಣೆ ಮಾಡುವವರು ಕಬ್ಬಿಣದ ಪುಡಿ ಬೆರೆಸುತ್ತಾರೆ. ಒರಟು ಮೈಯ ಕಸ್ಕ್ಯೂಟ ಬೀಜಕ್ಕೆ ಪುಡಿ ಅಂಟಿಕೊಳ್ಳುತ್ತದೆ, ಅಯಸ್ಕಾಂತ ಅದನ್ನು ಸೆಳೆದುಕೊಳ್ಳುತ್ತದೆ. ಮನೆಯಲ್ಲಿ ಆಗುವ ಕೆಲಸವಲ್ಲವಾದ್ದರಿಂದ ಈ ಬೆಳೆಗೆ ಪ್ರಮಾಣೀಕೃತ ಬೀಜವನ್ನೇ ಕೊಳ್ಳುವುದು ಲೇಸು.

ಕಳೆ ಈಗಾಗಲೇ ಹೊಕ್ಕಿರುವ ಹೊಲದಲ್ಲಿ ಬಿತ್ತನೆಗೆ ಮೊದಲು ಒಂದು ಮಳೆಗೆ ಅಥವಾ ಒಂದು ನೀರಿಗೆ ಮೊಳಕೆ ಏಳಲು ಬಿಟ್ಟು ಕುಂಟೆ ಹೊಡೆಯಬೇಕು. ಬರೀ ಹುಚ್ಚೆಳ್ಳು ಹಾಕುವಲ್ಲಿ, ಬಿತ್ತಿದ ಒಂದೆರಡು ದಿನಗಳಲ್ಲಿ, ಬೆಳೆ ಮೊಳೆಯುವ ಮೊದಲೇ, ತೇವವಿರುವ ನೆಲಕ್ಕೆ ಪೆಂಡಿಮೆಥಾಲಿನ್ ಸಿಂಪಡಿಸಬಹುದು. ಹೆಕ್ಟೇರಿಗೆ 1 ಕಿ.ಗ್ರಾಂ. ಸಕ್ರಿಯ ಅಂಶ ಬೇಕು, ಶೇ. 30ರ ದ್ರಾವಣವಾದರೆ ಸುಮಾರು 3.3 ಲೀಟರ್. ರಾಗಿಯ ನಡುವೆ ಹುಚ್ಚೆಳ್ಳಿನ ಅಕ್ಕಡಿ ಸಾಲು ಹಾಕಿದಲ್ಲಿ ಈ ಪ್ರಮಾಣ ಬಳಸಬಾರದು, ರಾಗಿಯ ಮೊಳಕೆಗೆ ಪೆಟ್ಟು ಬಿದ್ದೀತು.

ರಾಗಿ, ಜೋಳ, ಭತ್ತದಂತಹ ಏಕದಳ ಧಾನ್ಯಗಳ ಮೇಲೆ ಈ ಬಳ್ಳಿ ನೆಲೆಯೂರಲಾರದು. ಆದುದರಿಂದ ಕೆಲವು ವರ್ಷ ಈ ಬೆಳೆಗಳನ್ನು ತೆಗೆಯುವುದು ಒಳ್ಳೆಯ ಉಪಾಯ. ಆದರೆ ಇಲ್ಲೊಂದು ತಪ್ಪು ಸಾಮಾನ್ಯವಾಗಿ ನಡೆಯುತ್ತದೆ. ಬೆಳೆ ಬದಲಿಸಿದೆವೆಂದು ರಾಗಿ ಬಿತ್ತಿ, ರೂಢಿಯಂತೆ ಹುಚ್ಚೆಳ್ಳಿನ ಸಾಲನ್ನು ಮಾತ್ರ ಉಳಿಸಿಕೊಂಡರೆ ಕಳೆಗೆ ಬೇಕಾದ ಆಸರೆ ಆ ಸಾಲಿನಲ್ಲೇ ಸಿಗುತ್ತದೆ. ಅಷ್ಟು ವರ್ಷ ಆ ಹೊಲಕ್ಕೆ ಆ ಸಾಲು ಬೇಡ.

ಬಳ್ಳಿ ಹಬ್ಬಿದ ಮೇಲೆ ಎಳೆಗಳನ್ನು ಮಾತ್ರ ಬಿಡಿಸಿ ತೆಗೆಯುವುದು ವ್ಯರ್ಥ. ತುಂಡು ಉಳಿದರೂ ಮತ್ತೆ ಹಿಡಿಯುತ್ತದೆ. ಕೊಡೆಯಷ್ಟಗಲದ ಮಚ್ಚೆ ಕಂಡಾಗ ಬೆಳೆಯನ್ನೂ ಸೇರಿಸಿ, ಸುತ್ತ ಒಂದೆರಡು ಅಡಿ ಹೆಚ್ಚಾಗಿಯೇ, ನೆಲಮಟ್ಟಕ್ಕೆ ಕೊಯ್ದು ಅಲ್ಲೇ ಒಣಗಿಸಿ ಸುಡಬೇಕು. ನಿಂತ ಪೈರನ್ನು ಕೈಯಾರೆ ಕೊಯ್ಯಲು ಯಾರಿಗೂ ಮನಸ್ಸು ಬರುವುದಿಲ್ಲ; ಇನ್ನೊಂದು ವಾರ ನೋಡೋಣವೆನ್ನುವಷ್ಟರಲ್ಲಿ ಬಳ್ಳಿ ಹೂ ಬಿಟ್ಟು ಕಾಯಿ ಕಟ್ಟಿರುತ್ತದೆ. ಮಚ್ಚೆಗೆ ಪ್ಯಾರಾಕ್ವಾಟ್ ಹೊಡೆಯುವ ಪದ್ಧತಿಯೂ ಇದೆ. ಅದು ಬೆಳೆಯನ್ನೂ ಸುಡುತ್ತದೆ, ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವಿಲ್ಲ. ಕುಡುಗೋಲಿನಿಂದ ಆಗುವ ಕೆಲಸಕ್ಕೆ ಅಂತಹ ವಿಷ ಏಕೆ ಬೇಕು?

ಕಾಯಿ ಕಟ್ಟಿದ ಬಳ್ಳಿಯಿರುವ ಸೊಪ್ಪನ್ನು ದನಗಳಿಗೆ ಹಾಕಬಾರದು. ಬೀಜ ಹೊಟ್ಟೆಯಲ್ಲಿ ಜೀರ್ಣವಾಗದೆ ಸಗಣಿಯಲ್ಲಿ ಹೊರಬಂದು, ಕೊಟ್ಟಿಗೆ ಗೊಬ್ಬರದೊಡನೆ ಇದುವರೆಗೆ ಶುದ್ಧವಾಗಿದ್ದ ಹೊಲಕ್ಕೂ ತಲುಪುತ್ತದೆ.