ಟೆಸ್ಟ್ ನೆಗೆಟಿವ್ ಬಂದರೆ ಸಾಕೇ?

ಪಂಕ್ಚರ್ ಸಲ್ಯೂಷನ್, ಪೇಂಟ್ ಥಿನ್ನರ್, ವೈಟ್ನರ್, ಪೆಟ್ರೋಲ್. ಇವು ಮನೆಯಲ್ಲಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಇವನ್ನು ಮೂಸಿ ನಶೆ ಏರಿಸಿಕೊಳ್ಳುವವರಲ್ಲಿ ಎಳೆಯರೇ ಮುಂದಿದ್ದಾರೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಇಂಥ ವಸ್ತುಗಳನ್ನು ಬಳಸುವ ವಯಸ್ಕರು ಶೇ 0.58, ಮಕ್ಕಳು ಮತ್ತು ಹದಿಹರೆಯದವರು ಶೇ 1.17. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿ ಕಂಡ ಅಮಲು ಇದೊಂದೇ.

ನಾನು ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಟೊಲುಯಿನ್ ಬಾಟಲಿ ತೆರೆಯುವ ಮುನ್ನ ಲ್ಯಾಬಿನಲ್ಲಿ ಫ್ಯೂಮ್ ಹುಡ್ ಓಡುತ್ತಿರಲೇಬೇಕು. ಅದೇ ಟೊಲುಯಿನ್ ಅನೇಕ ಥಿನ್ನರ್, ಅಂಟುಗಳಲ್ಲಿದೆ. ಅದರ ಆವಿ ಶ್ವಾಸಕೋಶದಿಂದ ಬೇಗನೆ ಮಿದುಳು ತಲುಪುತ್ತದೆ. ನಶೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಹೀಗಾಗಿ ಮನೆಗೆ ಬರುವಷ್ಟರಲ್ಲಿ ಹುಡುಗ ಎಂದಿನಂತೆಯೇ ಕಾಣುತ್ತಾನೆ.

ನಮ್ಮ ಬೀದಿಯ ಪಿಯುಸಿ ಹುಡುಗನೊಬ್ಬನ ನಡೆ ನೋಡಿ ಅನುಮಾನಗೊಂಡ ಮನೆಯವರು ಕಳೆದ ವರ್ಷ ಮೂತ್ರ ಪರೀಕ್ಷೆ ಮಾಡಿಸಿದರು. ನೆಗೆಟಿವ್ ಬಂತು. ‘ಸದ್ಯ, ದೇವರು ದೊಡ್ಡವನು’ ಎಂದು ಅವನಮ್ಮ ನಿಟ್ಟುಸಿರುಬಿಟ್ಟರು. ಗಾಂಜಾ, ಅಫೀಮಿನಂಥವನ್ನು ಹುಡುಕುವ ಸಾಮಾನ್ಯ ಕಿಟ್‌ಗೆ ಥಿನ್ನರ್ ಸಿಗುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಟೊಲುಯಿನ್ ದೇಹದಲ್ಲಿ ಹಿಪ್ಪುರಿಕ್ ಆಮ್ಲವಾಗಿ ಮೂತ್ರಕ್ಕೆ ಸೇರುತ್ತದೆ, ನಿಜ. ಆದರೆ ಕೆಲವು ಹಣ್ಣು, ಪ್ರಿಸರ್ವೇಟಿವ್ ಹಾಕಿದ ಆಹಾರ ತಿಂದರೂ ಅದು ಬರುತ್ತದೆ. ಅದೊಂದನ್ನೇ ನಂಬುವಂತಿಲ್ಲ.

ಎರಡು ತಿಂಗಳ ಬಳಿಕ ಇನ್ನೊಬ್ಬ ವೈದ್ಯರು ಅವನ ಬಾಯಿ, ಮೂಗಿನ ಸುತ್ತಲಿನ ಗುಳ್ಳೆಗಳನ್ನು ಗಮನಿಸಿದರು. ಮನೆಯವರನ್ನು ಹೊರಗೆ ಕೂರಿಸಿ, ಬೈಯದೆ ಮಾತನಾಡಿಸಿದರು. ಅವನೇ ಎಲ್ಲ ಹೇಳಿದ. ಈ ಚಟದ ಪತ್ತೆ ಮುಖ್ಯವಾಗಿ ಆಗುವುದು ಹೀಗೆಯೇ: ಕಣ್ಣು, ಮೂಗು, ಮಾತುಕತೆಯಿಂದ.

ಹಾಸ್ಟೆಲ್ಲಿನಲ್ಲಿ, ಪಿಜಿಯಲ್ಲಿ ಇರುವ ನಾವು ಇದನ್ನು ಅಪ್ಪ-ಅಮ್ಮನಿಗಿಂತ ಮೊದಲೇ ಗುರುತಿಸಬಲ್ಲೆವು. ಬಟ್ಟೆ, ಉಸಿರಿನಲ್ಲಿ ರಾಸಾಯನಿಕದ ವಾಸನೆ, ಬಚ್ಚಿಟ್ಟ ಕರವಸ್ತ್ರ ಅಥವಾ ಪ್ಲಾಸ್ಟಿಕ್ ಕವರ್, ತೊದಲುವ ಮಾತು, ತೂರಾಡುವ ನಡಿಗೆ, ಪದೇ ಪದೇ ತಲೆನೋವು. ಒಂದೇ ಲಕ್ಷಣ ಕಂಡ ಮಾತ್ರಕ್ಕೆ ತೀರ್ಪು ಕೊಡಬೇಡಿ. ಹಲವು ಒಟ್ಟಿಗೆ ಕಂಡರೆ ಸುಮ್ಮನಿರಬೇಡಿ.

ಮೂಸುತ್ತಿರುವಾಗಲೇ ಕಣ್ಣಿಗೆ ಬಿದ್ದರೆ ಕಿರುಚಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಆವಿ ಸೇರಿದ ದೇಹದಲ್ಲಿ ಗಾಬರಿಯ ಅಡ್ರಿನಲಿನ್ ಹೃದಯದ ಬಡಿತವನ್ನೇ ತಪ್ಪಿಸಬಹುದು. ಮೊದಲ ಸಲ ಮೂಸಿದವರೂ ಹೀಗೆ ಸತ್ತಿದ್ದಾರೆ. ಕಿಟಕಿ ತೆರೆಯಿರಿ, ಸಮಾಧಾನವಾಗಿ ಕೂರಿಸಿ. ಪ್ರಜ್ಞೆ ತಪ್ಪಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಚಟ ಬಿಡಿಸುವ ಸಲಹೆಗೆ 14446, ಮನಸ್ಸಿನ ಯಾವುದೇ ಸಂಕಟಕ್ಕೆ ಟೆಲಿ ಮಾನಸ್ 14416 ಇದೆ. ಎರಡೂ ಉಚಿತ. ಗೆಳೆಯನ ಪರವಾಗಿ ನೀವೇ ಕರೆ ಮಾಡಿ ಕೇಳಬಹುದು.