ಬೇಸ್ ಗಿಟಾರಿನ ಟೋನ್ ಕೆಟ್ಟರೆ

ಬೇಸ್ ಗಿಟಾರಿನ ಟೋನ್ ನಾಬ್ ನಾದಕ್ಕೆ ಹೊಸದೇನನ್ನೂ ಸೇರಿಸುವುದಿಲ್ಲ. ಇರುವುದರಲ್ಲೇ ಒಂದಷ್ಟನ್ನು ತೆಗೆಯುತ್ತದೆ. ದಪ್ಪನೆಯ ಇ ತಂತಿಯ ಮೂಲಸ್ವರ ಸುಮಾರು 41 ಹರ್ಟ್ಸ್. ಅದರ ಜೊತೆಗೇ ನೂರಾರು, ಸಾವಿರಾರು ಹರ್ಟ್ಸ್‌ನ ಉಪಸ್ವರಗಳೂ ಬೆರಳು ತಂತಿಗೆ ತಾಗುವ ಸದ್ದೂ ಪಿಕಪ್‌ನಿಂದ ಹೊರಡುತ್ತವೆ. ನಾಬ್ ಇಳಿಸಿದಂತೆ ಈ ಮೇಲಿನ ಕಂಪನಗಳು ಗ್ರೌಂಡಿಗೆ ಹರಿದುಹೋಗುತ್ತವೆ, ಆಂಪ್ಲಿಫೈಯರಿಗೆ ದುಂಡನೆಯ ಮಂದ್ರನಾದ ಉಳಿಯುತ್ತದೆ.

ಇದಕ್ಕೆ ಬೇಕಾದ ಬಿಡಿಭಾಗಗಳು ಎರಡೇ: ಒಂದು ಪಾಟ್, ಅಂದರೆ ತಿರುಗಿಸಿದಂತೆ ರೋಧ ಬದಲಾಗುವ ಪೊಟೆನ್ಶಿಯೋಮೀಟರ್, ಇನ್ನೊಂದು ಕೆಪಾಸಿಟರ್. ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಲ್ಲಿದ್ದ ಈ ಜೋಡಿಯೇ ಇಂದಿನ ಅಗ್ಗದ ಬೇಸ್‌ಗಳಲ್ಲೂ ಇದೆ. ಪಾಟ್ ಸಾಮಾನ್ಯವಾಗಿ 250 ಕಿಲೋ ಓಮ್‌ನದು. ಕೆಪಾಸಿಟರ್ 0.047 ಮೈಕ್ರೋಫ್ಯಾರಡ್‌ನದು, ಅದರ ಮೈಮೇಲೆ 473 ಎಂದು ಅಚ್ಚಾಗಿರುತ್ತದೆ. ಈ ಕೆಪಾಸಿಟರ್ 41 ಹರ್ಟ್ಸ್‌ನ ಕಂಪನಕ್ಕೆ 80 ಸಾವಿರ ಓಮ್‌ಗಿಂತ ಹೆಚ್ಚು ತಡೆ ಒಡ್ಡುತ್ತದೆ. 1,000 ಹರ್ಟ್ಸ್‌ಗಾದರೆ ಬರೀ 3,400 ಓಮ್‌ನಷ್ಟು. ಕೆಳಸ್ವರ ಉಳಿದು ಮೇಲುಸ್ವರ ಸೋರಿಹೋಗುವುದು ಈ ವ್ಯತ್ಯಾಸದಿಂದ.

ಮುಂಬಯಿಯ ಆಂಟಾಪ್ ಹಿಲ್‌ನಂಥ ಕಡೆ ಹಳೆಯ ಬೇಸ್‌ನ ಟೋನ್ ಕೆಡಲು ಹವೆಯೂ ಒಂದು ಕಾರಣ. ಪಕ್ಕದಲ್ಲೇ ವಡಾಲದ ಉಪ್ಪಿನ ಗದ್ದೆಗಳು, ಅದರಾಚೆ ಸಮುದ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಒದ್ದೆಯಾಗಿರುವ ಮನೆಗಳಲ್ಲಿ ಮಂಚದ ಕೆಳಗೆ ಸೇರಿದ ಗಿಟಾರಿನೊಳಗಿನ ಲೋಹದ ತುದಿಗಳು ಕಪ್ಪಾಗುತ್ತವೆ, ಪಾಟ್‌ನ ಇಂಗಾಲದ ಪಟ್ಟಿಯ ಮೇಲೆ ಧೂಳು ಅಂಟಿಕೊಳ್ಳುತ್ತದೆ. ಆಮೇಲೆ ನಾಬ್ ತಿರುಗಿಸಿದಾಗಲೆಲ್ಲ ಕರಕರ ಸದ್ದು. ಇದು ಅತಿ ಸಾಮಾನ್ಯವಾದ, ಅತಿ ಸುಲಭವಾಗಿ ಹೋಗುವ ದೋಷ. ಪಾಟ್‌ನ ಕಾಲುಗಳ ಬಳಿ ಇರುವ ಸಂದಿಯಿಂದ ಕಾಂಟ್ಯಾಕ್ಟ್ ಕ್ಲೀನರನ್ನು ಒಂದೆರಡು ಸಲ ಸಿಂಪಡಿಸಿ, ನಾಬನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಬಾರಿ ತಿರುಗಿಸಿದರೆ ಬಹುಪಾಲು ಸರಿಹೋಗುತ್ತದೆ. ತುಕ್ಕು ಬಿಡಿಸುವ ಸಾಮಾನ್ಯ ಎಣ್ಣೆ ಇಲ್ಲಿಗೆ ಸಲ್ಲದು. ಅದರ ಜಿಡ್ಡಿಗೆ ಮತ್ತಷ್ಟು ಧೂಳು ಕೂರುತ್ತದೆ.

ನಾಬ್ ಎಷ್ಟು ತಿರುಗಿಸಿದರೂ ನಾದ ಬದಲಾಗದಿದ್ದರೆ ಕ್ರಮವಾಗಿ ಹುಡುಕಬೇಕು. ಮೊದಲು ನೋಡಬೇಕಾದದ್ದು ಹೊರಗೇ ಇದೆ: ನಾಬಿನ ಪುಟ್ಟ ತಿರುಪು ಸಡಿಲವಾಗಿದ್ದರೆ ಒಳಗಿನ ಕಡ್ಡಿ ನಿಂತಲ್ಲೇ ನಿಂತು ನಾಬ್ ಮಾತ್ರ ಸುತ್ತುತ್ತದೆ. ಪಾಟ್ ಹಿಡಿದ ನಟ್ ಸಡಿಲವಾಗಿದ್ದರೆ ಇನ್ನೂ ಕೆಟ್ಟದ್ದು. ಆಗ ಇಡೀ ಪಾಟ್ ತಿರುಗಿ, ಒಳಗಿನ ವೈರುಗಳು ತಿರುಚಿಕೊಂಡು, ಬೆಸುಗೆ ಬಿಟ್ಟುಹೋಗುತ್ತದೆ. ಕೈಯಿಂದ ಕೈಗೆ ದಾಟಿದ ಬೇಸ್‌ಗಳಲ್ಲಿ ಈ ದೋಷವನ್ನೇ ಮೊದಲು ಶಂಕಿಸುವುದು ಒಳ್ಳೆಯದು.

ಇವೆರಡೂ ಸರಿಯಿದ್ದರೆ ಮುಚ್ಚಳ ತೆಗೆದು, ಆಂಪ್ಲಿಫೈಯರಿನ ಸದ್ದು ತಗ್ಗಿಸಿ, ಒಂದು ಸಣ್ಣ ಪರೀಕ್ಷೆ ಮಾಡಬಹುದು. ಟೋನ್ ಪಾಟ್‌ನ ಮೂರು ಕಾಲುಗಳಲ್ಲಿ ಬಳಕೆಯಲ್ಲಿರುವುದು ಎರಡು. ಆ ಎರಡನ್ನು ಕ್ಲಿಪ್ ಇರುವ ವೈರಿನಿಂದ ನೇರವಾಗಿ ಸೇರಿಸಿ ತಂತಿ ಮೀಟಬೇಕು. ನಾದ ಒಮ್ಮೆಲೇ ಮಂದವಾದರೆ ಕೆಪಾಸಿಟರೂ ಬೆಸುಗೆಗಳೂ ಚೆನ್ನಾಗಿವೆ, ಕೆಟ್ಟಿರುವುದು ಪಾಟ್. ಏನೂ ಬದಲಾಗದಿದ್ದರೆ ಕೆಪಾಸಿಟರಿನ ಕಾಲು ಮುರಿದಿದೆ, ಇಲ್ಲವೇ ಗ್ರೌಂಡಿನ ಬೆಸುಗೆ ಬಿಟ್ಟಿದೆ. ಟೋನ್ ಪೂರ್ತಿ ಇಳಿಸಿದಾಗ ಸದ್ದೇ ಅಡಗಿಹೋಗುವುದಾದರೆ ಕೆಪಾಸಿಟರ್ ಒಳಗೇ ಶಾರ್ಟ್ ಆಗಿದೆ, ಅಥವಾ ಅದರ ಎರಡು ಕಾಲುಗಳು ಒಂದಕ್ಕೊಂದು ತಾಗಿವೆ. ಮಲ್ಟಿಮೀಟರ್ ಹಿಡಿಯುವವರು ಪಾಟ್‌ನ ಒಂದು ಕಾಲನ್ನಾದರೂ ಬಿಡಿಸಿಕೊಂಡು ಅಳೆಯಬೇಕು. ಇಲ್ಲದಿದ್ದರೆ ಪಿಕಪ್‌ನ ರೋಧವೂ ಸೇರಿ ತಪ್ಪು ಲೆಕ್ಕ ಬರುತ್ತದೆ. ಆಚೀಚೆಯ ಕಾಲುಗಳ ನಡುವೆ 200ರಿಂದ 300 ಕಿಲೋ ಓಮ್ ಬಂದು, ನಡುವಿನ ಕಾಲಿನ ಅಳತೆ ಎಲ್ಲೂ ನೆಗೆಯದೆ ಏರಿಳಿದರೆ ಪಾಟ್ ಬದಲಿಸುವುದು ದಂಡ.

ಪಾಟ್ ಬದಲಿಸಲೇಬೇಕಾದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಹೆಸರಾದ ಲ್ಯಾಮಿಂಗ್ಟನ್ ರಸ್ತೆ ಇದೆ, ಗ್ರಾಂಟ್ ರೋಡ್ ನಿಲ್ದಾಣದ ಹತ್ತಿರ. ಹಳೆಯ ಪಾಟನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಬೇಕು. ಫೆಂಡರ್ ಮಾದರಿಯ ದೊಡ್ಡ ಪಾಟ್‌ಗೆ ಸುಮಾರು 9.5 ಮಿಲಿಮೀಟರ್ ತೂತು ಬೇಕು, ಅಗ್ಗದ ಬೇಸ್‌ಗಳ ಸಣ್ಣ ಪಾಟ್ ಅದರಲ್ಲಿ ಅಲ್ಲಾಡುತ್ತದೆ. ಎ250ಕೆ ಎಂಬ ಗುರುತಿನದೇ ಆಗಬೇಕು. ಬಿ250ಕೆ ಹಾಕಿದರೂ ಕೆಲಸ ನಡೆಯುತ್ತದೆ, ಆದರೆ ಬದಲಾವಣೆಯೆಲ್ಲ ನಾಬಿನ ಕೊನೆಯ ತುಸು ತಿರುವಿನಲ್ಲೇ ಕೂಡಿಕೊಳ್ಳುತ್ತದೆ. ಗಿಟಾರಿನ ಅಳತೆಯದೇ ಬೇಕೆಂದರೆ ಧೋಬಿ ತಲಾವ್‌ನ ವಾದ್ಯದಂಗಡಿಗಳಲ್ಲಿ ಕೇಳಬಹುದು. ಆಂಟಾಪ್ ಹಿಲ್‌ನವರು ಗುರು ತೇಗ್ ಬಹಾದೂರ್ ನಗರದಲ್ಲಿ ಹಾರ್ಬರ್ ಲೈನ್ ರೈಲು ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದರೆ ಅಲ್ಲಿಗೆ ನಡೆದೇ ಹೋಗುವ ದೂರ.

ಬೆಸುಗೆ ಹಾಕುವ ಮೊದಲು ಆಂಪ್ಲಿಫೈಯರಿನ ಕೇಬಲ್ ಕೀಳಬೇಕು, ವೈರುಗಳು ಎಲ್ಲೆಲ್ಲಿ ಸೇರಿವೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಡಬೇಕು. ಕಾಲುಗಳಿಗೆ 25 ವಾಟ್‌ನ ಸೋಲ್ಡರಿಂಗ್ ಐರನ್ ಸಾಕು. ಪಾಟ್‌ನ ಬೆನ್ನಿನ ಲೋಹ ಶಾಖವನ್ನು ಹೀರಿಕೊಳ್ಳುವುದರಿಂದ ಅಲ್ಲಿಗೆ 40 ವಾಟ್‌ನದು ಮೇಲು. ಬೆನ್ನನ್ನು ಉಪ್ಪುಕಾಗದದಿಂದ ಉಜ್ಜಿಕೊಂಡರೆ ಸೀಸ ಚೆನ್ನಾಗಿ ಹಿಡಿಯುತ್ತದೆ. ಐರನ್ನನ್ನು ಕೆಲವೇ ಸೆಕೆಂಡು ಇಡಬೇಕು, ಹೆಚ್ಚು ಕಾಯಿಸಿದರೆ ಹೊಸ ಪಾಟ್‌ನ ಇಂಗಾಲದ ಪಟ್ಟಿಯೂ ಸುಡುತ್ತದೆ. ಕೆಪಾಸಿಟರಿಗೆ ಹಿಂದುಮುಂದು ಇಲ್ಲ, ಹೇಗೆ ಕೂರಿಸಿದರೂ ಸರಿ.

ಒಳಗೆ 9 ವೋಲ್ಟ್‌ನ ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್‌ಗಳ ಸರ್ಕ್ಯೂಟ್ ಬೇರೆಯೇ. ಅಲ್ಲಿ ಮೊದಲು ಬ್ಯಾಟರಿ ಬದಲಿಸಿ ನೋಡಬೇಕು. ಕೇಬಲ್ ಚುಚ್ಚಿದಷ್ಟು ಹೊತ್ತೂ ಅದು ಖರ್ಚಾಗುತ್ತಿರುತ್ತದೆ, ನುಡಿಸದೆ ಇಟ್ಟರೂ ಸರಿ.

ಹಳೆಯ ಬೇಸ್ ಕೊಳ್ಳುವವರು ಅಂಗಡಿಯಲ್ಲೋ ಮಾರುವವರ ಮನೆಯಲ್ಲೋ ಆಂಪ್ಲಿಫೈಯರಿಗೆ ಹಚ್ಚಿ ಟೋನ್ ನಾಬನ್ನು ತುದಿಯಿಂದ ತುದಿಗೆ ತಿರುಗಿಸಿ ಕೇಳಬೇಕು. ಕುತ್ತಿಗೆಯ ಮರ ತಿರುಚಿದ್ದರೆ ಆ ವಾದ್ಯವನ್ನು ಅಲ್ಲೇ ಬಿಡುವುದು ಲೇಸು. ಟೋನ್ ಮಾತ್ರ ಕೆಟ್ಟಿದ್ದರೆ ಬೆಲೆಯಲ್ಲಿ ಅಷ್ಟು ಕಡಿಮೆ ಮಾಡಿಸಿಕೊಂಡು ಧಾರಾಳವಾಗಿ ತರಬಹುದು.